ಗಾಳಿ ತುಂಬುವ ಕಯಾಕ್: ಮೂರು ವರ್ಷ ಬಳಸಿದ ಮೇಲಿನ ಮಾತು

ವಾಣಿ ವಿಲಾಸ ಸಾಗರ, ಅಂದರೆ ಮಾರಿಕಣಿವೆ ಜಲಾಶಯ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದ 2022ರಲ್ಲಿಯೇ ಈ ಕಯಾಕ್ ಕೊಂಡೆ. ಇಬ್ಬರು ಕೂರಬಹುದಾದ, ಪಿವಿಸಿ ಹಾಳೆಯ, ಗಾಳಿ ತುಂಬುವ ದೋಣಿ. ಮಡಚಿದರೆ ಒಂದೇ ಚೀಲ. ಸ್ಕೂಟರಿನ ಮುಂದೆ ಇಟ್ಟುಕೊಂಡರೆ ದಾವಣಗೆರೆಯಿಂದ ಕೊಂಡಜ್ಜಿ ಕೆರೆಗೆ ಬೆಳಕು ಹರಿಯುವ ಹೊತ್ತಿಗೆ ತಲುಪಬಹುದು. ಫೈಬರ್ ದೋಣಿಯಾದರೆ ಇಡಲು ಜಾಗ ಬೇಕು, ಸಾಗಿಸಲು ಲಗೇಜ್ ಆಟೊ ಬೇಕು. ಬಾಡಿಗೆ ಮನೆಯಲ್ಲಿರುವವರಿಗೆ ದೋಣಿಯ ಆಸೆ ಈಡೇರುವುದು ಇಂಥದ್ದರಿಂದಲೇ.

ಕೊಂಡಜ್ಜಿಯಂಥ ನಿಂತ ನೀರಿನಲ್ಲಿ ಇದು ಬಹಳ ಹಿತವಾಗಿ ಸಾಗುತ್ತದೆ. ತಳಕ್ಕೆ ಸಿಕ್ಕಿಸುವ ಪುಟ್ಟ ರೆಕ್ಕೆಯನ್ನು ಮಾತ್ರ ಮರೆಯಬಾರದು. ಅದಿಲ್ಲದಿದ್ದರೆ ಹುಟ್ಟು ಹಾಕಿದಂತೆಲ್ಲ ಮೂತಿ ಅತ್ತಿತ್ತ ತಿರುಗುತ್ತದೆ. ಸೂಳೆಕೆರೆಯ ಮಾತು ಬೇರೆ. ಅಷ್ಟು ಅಗಲದ ನೀರಿನ ಮೇಲೆ ಆಷಾಢದ ಗಾಳಿ ಬೀಸಿದರೆ ಈ ಹಗುರ ದೋಣಿ ಎಲೆಯಂತೆ ತೇಲಿಹೋಗುತ್ತದೆ. ಅಲ್ಲಿನ ಮೀನುಗಾರರೊಬ್ಬರು ತಮ್ಮ ಹರಿಗೋಲನ್ನು ಪಕ್ಕಕ್ಕೆ ತಂದು, ‘ಸರ್, ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದೇ ನಿಮ್ಮನ್ನು ತಂದು ಬಿಡುತ್ತದೆ’ ಎಂದರು. ದೋಣಿಯ ಜೊತೆ ಬಂದ ಪುಸ್ತಿಕೆಯಲ್ಲಿ ಈ ಮಾತು ಇಲ್ಲ. ಈಗ ಆ ಅಣ್ಣನನ್ನು ಕೇಳದೆ ನಾವು ಯಾರೂ ಅಲ್ಲಿ ನೀರಿಗೆ ಇಳಿಯುವುದಿಲ್ಲ.

ನಾವು ಎಂದರೆ ಭಾನುವಾರ ಸೇರುವ ಒಂದು ಸಣ್ಣ ಗುಂಪು: ಒಬ್ಬರು ಶಾಲಾ ಮೇಷ್ಟ್ರು, ಒಬ್ಬರು ಸೈಕಲ್ ಅಂಗಡಿಯವರು, ಬ್ಯಾಂಕಿನಲ್ಲಿ ಕೆಲಸ ಮಾಡುವ ದಂಪತಿ. ಪಂಪು ಒಂದೇ, ಸರದಿಯ ಮೇಲೆ ಒತ್ತುತ್ತೇವೆ. ಒಬ್ಬರು ಸದಾ ದಡದಲ್ಲಿ ಉಳಿಯುತ್ತಾರೆ. ಕೈಯಲ್ಲಿ ಹಗ್ಗ, ಕಣ್ಣು ನೀರಿನ ಮೇಲೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬಿಚ್ಚುವುದು ಎಲ್ಲರೂ ದಡ ಸೇರಿದ ಮೇಲೆಯೇ.

ಇನ್ನು ತೂತಿನ ವಿಚಾರ. ಮಾರಿಕಣಿವೆಯ ಹಿನ್ನೀರಿನಲ್ಲಿ ನೀರು ಇಳಿದಾಗ ಬೆಳೆದ ಬಳ್ಳಾರಿ ಜಾಲಿ, ನೀರು ಏರಿದಾಗ ಹಾಗೆಯೇ ಮುಳುಗಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣದು. ಮುಳ್ಳು ತಾಗಿದರೆ ಸದ್ದಿಲ್ಲದೆ ಗಾಳಿ ಇಳಿಯುತ್ತದೆ. ಮೂರು ಗಾಳಿ ಕೋಣೆಗಳಿರುವುದರಿಂದ ಒಂದು ಹೋದರೂ ಉಳಿದೆರಡು ದಡದವರೆಗೆ ಹೊತ್ತು ತಂದಿವೆ. ಇದು ಈ ದೋಣಿಯ ದೊಡ್ಡ ಗುಣ. ತೇಪೆ ಹಾಕುವಾಗ ಸೈಕಲ್ ಟ್ಯೂಬಿನ ಸಲ್ಯೂಷನ್ ಬಳಸಬೇಡಿ ಎಂದು ಮೊದಲು ಹೇಳಿದವರೇ ನಮ್ಮ ಸೈಕಲ್ ಅಂಗಡಿಯವರು. ರಬ್ಬರಿಗೆ ಹಿಡಿಯುವುದು ಪಿವಿಸಿಗೆ ಹಿಡಿಯದು. ಸೋಪಿನ ನೀರು ಸವರಿ, ಗುಳ್ಳೆ ಏಳುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಚೆನ್ನಾಗಿ ಒಣಗಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಪಿವಿಸಿ ಅಂಟು ಹಚ್ಚಿದ ತೇಪೆಯ ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಬೇಕು. ಹಾಗೆ ಹಾಕಿದ ತೇಪೆ ಒಂದೂ ಬಿಟ್ಟಿಲ್ಲ.

ಬಿಸಿಲೂ ಇದರ ಶತ್ರುವೇ. ಮಧ್ಯಾಹ್ನ ತುಂಬಿದ ದೋಣಿಯನ್ನು ದಡದಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಅಂಚಿನ ಬೆಸುಗೆ ಬಿಡುವ ಅಪಾಯವಿದೆ. ಸ್ವಲ್ಪ ಗಾಳಿ ಬಿಟ್ಟು ನೆರಳಿಗೆ ಎಳೆಯಬೇಕು. ತಣ್ಣನೆಯ ನೀರಿಗೆ ಇಳಿಸಿದಾಗ ಮೆತ್ತಗಾದರೆ ಗಾಬರಿ ಬೇಡ, ಇನ್ನೆರಡು ಪಂಪು ಸಾಕು.

ಸೀಟುಗಳ ಬಗ್ಗೆ ನನಗೆ ನಿಜವಾಗಿಯೂ ಬೇಸರವಿದೆ. ಮೊದಲ ವರ್ಷವೇ ವಾಲ್ವ್ ಸಡಿಲವಾಯಿತು. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅರ್ಧ ಗಂಟೆಯಲ್ಲಿ ಸೀಟು ಕುಸಿಯುತ್ತದೆ, ಬೆನ್ನು ನೋಯುತ್ತದೆ. ಬಿಡಿಭಾಗ ಕೇಳಿದರೆ ಮಾರಿದವರಿಂದ ಉತ್ತರವೇ ಬರಲಿಲ್ಲ. ಕೊನೆಗೆ ದಪ್ಪ ಫೋಮ್ ಕತ್ತರಿಸಿ ಹಾಕಿಕೊಂಡೆವು.

ಜೊತೆಗೆ ಬರುವ ಲೈಫ್ ಜಾಕೆಟ್ಟನ್ನು ನಂಬಬೇಡಿ, ಬೇರೆಯದೇ ಕೊಳ್ಳಿ. 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದು ಬರೆದದ್ದು ಈಜು ಬಲ್ಲವರಿಗೆ, ಅದೂ ನೆರವು ಹತ್ತಿರವಿರುವ ಕಡೆಗೆ. ಈಜು ಬಾರದವರಿಗೆ ಕನಿಷ್ಠ 100 ಇರಲಿ. ಜಲಾಶಯಗಳಲ್ಲಿ ಅನುಮತಿ ಕೇಳಿಯೇ ಇಳಿಯಿರಿ. ಹರಿಹರದ ತುಂಗಭದ್ರೆಯಲ್ಲಿ ನಾವು ಬೇಸಿಗೆಯಲ್ಲಿ ಮಾತ್ರ ಹುಟ್ಟು ಹಾಕುತ್ತೇವೆ. ಮೇಲ್ಗಡೆಯ ಗಾಜನೂರು ಅಣೆಕಟ್ಟಿನ ಗೇಟು ತೆರೆದರೆಂಬ ಸುದ್ದಿ ಬಂದರೆ ದೋಣಿ ಚೀಲದಿಂದ ಹೊರಗೆ ಬರುವುದಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಸೀಟುಗಳ ಲೆಕ್ಕಕ್ಕೆ. ದಡದಲ್ಲಿ ಕಾಯುವವರಿದ್ದರೆ ಧಾರಾಳವಾಗಿ ಕೊಳ್ಳಿ. ಒಬ್ಬರೇ ಹೋಗುವ ಆಲೋಚನೆಯಿದ್ದರೆ ಬೇಡ. ಮೊದಲು ಒಂದು ಭಾನುವಾರ ಕೊಂಡಜ್ಜಿಗೆ ಬನ್ನಿ, ನಮ್ಮದರಲ್ಲೇ ಕೂತು ನೋಡಬಹುದು.