ಲಾರಿ ಪಾಟಾ, ಬೇರಿಂಗ್, ಸ್ಟೇನ್‌ಲೆಸ್, ಡಿ2: ಕುರಿ ಸುಲಿಯುವ ಚಾಕುವಿಗೆ ಯಾವ ಉಕ್ಕು?

ಶಿಕಾರಿ ಚಾಕು ಎಂದು ಮಾರುವ ಚಾಕುವನ್ನು ನಮ್ಮ ಕಲಬುರಗಿ ಕಡೆ ಯಾರೂ ಶಿಕಾರಿಗೆ ಒಯ್ಯುವುದಿಲ್ಲ. ಒಯ್ಯಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ. ಆದರೆ ಆ ಚಾಕುವಿನ ಆಕಾರ ಕುರಿ, ಮೇಕೆ ಸುಲಿಯಲು ಹೇಳಿ ಮಾಡಿಸಿದ ಹಾಗಿದೆ. ಗಿಡ್ಡ ಅಲಗು, ಬೆನ್ನಿಂದ ಸ್ವಲ್ಪ ಕೆಳಗಿಳಿದ ಮೊನೆ, ಉಬ್ಬಿದ ಬಾಯಿ. ಕಂದೂರಿ, ಬಕ್ರೀದ್, ಜಾತ್ರೆ, ಮನೆದೇವರ ಕಾರ್ಯ ಅಂತ ವರ್ಷವಿಡೀ ಇದಕ್ಕೆ ಕೆಲಸ ಇದ್ದೇ ಇದೆ.

ಮಾಡಿಸಲು ಹೋದವರು ಮೊದಲು ಕೇಳುವ ಪ್ರಶ್ನೆ, ಎಲ್ಲಕ್ಕಿಂತ ಗಟ್ಟಿ ಉಕ್ಕು ಯಾವುದು ಅಂತ. ನನಗೆ ಈ ಪ್ರಶ್ನೆಯೇ ಸರಿ ಕಾಣುವುದಿಲ್ಲ. ಆ ಉಕ್ಕಿಗೆ ಹದ ಹಾಕುವವರು, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡುವವರು ಯಾರು, ಮೊಂಡಾದಾಗ ಮಸೆಯುವವರು ಯಾರು ಅಂತ ಕೇಳಬೇಕು. ಎಷ್ಟೇ ಒಳ್ಳೆಯ ಉಕ್ಕಾದರೂ ಹದ ತಪ್ಪಿದರೆ ಗುಜರಿ ಕಬ್ಬಿಣವೇ.

ನಾನು ಒಂದೇ ಅಳತೆಯ ನಾಲ್ಕು ಚಾಕು, ಒಂದೊಂದು ಒಂದೊಂದು ಉಕ್ಕಿನದು, ಮಾಡಿಸಿಕೊಂಡು ಬಳಸಿದ್ದೇನೆ. ಅಲಗು 4 ಇಂಚು, ಬೆನ್ನು 3 ಮಿಲಿಮೀಟರ್ ದಪ್ಪ, ಎಲ್ಲಕ್ಕೂ ಜಾಲಿ ಕಟ್ಟಿಗೆಯ ಹಿಡಿ. ಮಸೆದದ್ದೂ ಒಂದೇ ಕೋನಕ್ಕೆ, ಪ್ರತಿ ಬದಿಗೆ ಸುಮಾರು 20 ಡಿಗ್ರಿ. ಎರಡಕ್ಕೆ ಆಳಂದ ಕಡೆಯ ಒಬ್ಬ ಕಂಬಾರ ಕಾಕಾ ಕುಲುಮೆಯಲ್ಲೇ ಹದ ಹಾಕಿದರು. ಉಳಿದೆರಡನ್ನು ಹೈದರಾಬಾದಿಗೆ ಕಳಿಸಬೇಕಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಲಾರಿ ಪಾಟಾದಿಂದ, ಅಂದರೆ ಲಾರಿಯ ಭಾರ ಹೊರುವ ಪಟ್ಟಿ ಸ್ಪ್ರಿಂಗಿನಿಂದ, ಶುರು ಮಾಡೋಣ. ಹಳ್ಳಿ ಕುಲುಮೆಗಳಲ್ಲಿ ಕೊಡಲಿ, ಕುಡಗೋಲು, ಮಚ್ಚು ಎಲ್ಲ ಹೆಚ್ಚಾಗಿ ಇದರಿಂದಲೇ ಆಗುತ್ತವೆ. ಇದು ಸ್ಪ್ರಿಂಗ್ ಉಕ್ಕು. ನಮ್ಮಲ್ಲಿ ಇಎನ್ 45 ಜಾತಿಯದು ಸಾಮಾನ್ಯ. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧದಷ್ಟು ಅಥವಾ ತುಸು ಹೆಚ್ಚು, ಜೊತೆಗೆ ಸಿಲಿಕಾನ್. ಅಮೆರಿಕದವರು ಹೊಗಳುವ 5160 ಇದರ ದಾಯಾದಿ. ಅದರಲ್ಲಿ ಸಿಲಿಕಾನ್ ಬದಲು ಸ್ವಲ್ಪ ಕ್ರೋಮಿಯಂ ಇರುತ್ತದೆ, ಅಷ್ಟೇ. ಎರಡರ ಗುಣವೂ ಒಂದೇ: ಬಾಗುತ್ತದೆ, ಮುರಿಯುವುದಿಲ್ಲ. ಕಾಲಿನ ಕೀಲು ಬಿಡಿಸುವಾಗ ಅಲಗನ್ನು ಒಳಗೆ ತೂರಿಸಿ ತಿರುಚಿದರೂ ಬಾಯಿ ಉದುರಿ ಹಲ್ಲು ಹಲ್ಲಾಗಲಿಲ್ಲ. ಒಣಗಿದ ತೊಗರಿ ಕಟ್ಟಿಗೆ ಸೀಳಿದರೂ ಏನೂ ಆಗಲಿಲ್ಲ.

ಹದದ ವಿಷಯದಲ್ಲಿ ಕಾಕಾ ಒಂದು ಮಾತು ಹೇಳಿದರು. "ಇದು ಪಾಟಾ ಅದರಿ, ನೀರಾಗ ಹಾಕಿದ್ರ ಟಣ್ ಅಂತ ಸೀಳ್ತದ. ಎಣ್ಣೀನೇ ಬೇಕು." ನಿಜ. ಅಯಸ್ಕಾಂತ ಹಿಡಿಯದಷ್ಟು ಕಾಯಬೇಕು, ಅಂದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆಮೇಲೂ ಇನ್ನಷ್ಟು ಕಾಯಿಸಿ, ಬೆಚ್ಚಗಿನ ಎಣ್ಣೆಗೆ ಅದ್ದಬೇಕು. ಆ ಹೊತ್ತಿಗೆ ಅಲಗು ಗಾಜಿನಂತೆ ಪೆಡಸು. ಆದ್ದರಿಂದ ಮತ್ತೆ 200 ಡಿಗ್ರಿ ಹತ್ತಿರ ಎರಡು ಗಂಟೆ ಕಾಯಿಸಿ ಪೆಡಸು ಇಳಿಸಬೇಕು. ಮನೆಯ ಕರೆಂಟ್ ಓವನ್ ಇದಕ್ಕೆ ಸಾಕು. ಮನೆಯವರು ಊರಿಗೆ ಹೋದಾಗ ಮಾಡುವುದು ಒಳ್ಳೆಯದು, ವಾಸನೆ ಬರುತ್ತದೆ.

ಪಾಟಾದ ಕೊರತೆ ಎಂದರೆ ಹರಿತ ಬೇಗ ಇಳಿಯುತ್ತದೆ. ದಖ್ಖನಿ ಕುರಿಯ ಒರಟು ಉಣ್ಣೆಯಲ್ಲಿ ಮಣ್ಣು, ಮರಳು ತುಂಬಿರುತ್ತದೆ. ಮಾಂಸ ಕೊಯ್ದು ಯಾವ ಚಾಕುವೂ ಅಷ್ಟು ಮೊಂಡಾಗುವುದಿಲ್ಲ. ಉಣ್ಣೆಯ ಮೇಲಿಂದ ಕೊಯ್ದರೆ ಮಾತ್ರ ನೋಡನೋಡುತ್ತಲೇ ಜಾರಲು ಶುರು. ಚರ್ಮದ ಒಳಗಿಂದ ಮೊನೆ ಹಾಕಿ ಹೊರಗೆ ಸೀಳುವುದು ಇದಕ್ಕೇ. ಹಾಗೆ ಮಾಡಿದರೂ ಪಾಟಾ ಚಾಕುವನ್ನು ಒಂದು ಕುರಿ ಮುಗಿಯುವಷ್ಟರಲ್ಲಿ ಕಲ್ಲಿಗೆ ಹಿಡಿಯಬೇಕಾಗುತ್ತಿತ್ತು. ಇನ್ನೊಂದು ಮಾತು. ಗುಜರಿಯ ಹಳೆಯ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ವರ್ಷಗಟ್ಟಲೆ ಭಾರ ಹೊತ್ತು ಬಾಗಿದ ಕಬ್ಬಿಣ ಅದು. ಪಾಟಾ ಕೂರಿಸುವ ಅಂಗಡಿಯಲ್ಲಿ ಹೊಸದರ ತುಂಡು ಕೇಳಿ ತರುವುದು ಮೇಲು.

ಬೇರಿಂಗ್ ಉಕ್ಕು ನನ್ನ ಮೆಚ್ಚಿನದು, ಮುಚ್ಚುಮರೆ ಯಾಕೆ. ಅಂಗಡಿಯಲ್ಲಿ ಇಎನ್ 31 ಅಂತ ಕೇಳಿದರೆ ಸಿಗುತ್ತದೆ. ಅಮೆರಿಕದ ಹೆಸರು 52100. ಇಂಗಾಲ ಶೇಕಡಾ 1, ಕ್ರೋಮಿಯಂ ಸುಮಾರು ಒಂದೂವರೆ. ಇಂಗಾಲ ಜಾಸ್ತಿ ಆದ್ದರಿಂದ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 60ರ ಆಸುಪಾಸಿಗೆ ಹೋಗುತ್ತದೆ. ಪಾಟಾ 57, 58ಕ್ಕೆ ನಿಲ್ಲುತ್ತದೆ. ಅಂಕಿಯಲ್ಲಿ ಎರಡು ಮೂರು ಅಷ್ಟೇ ವ್ಯತ್ಯಾಸ, ಕೈಗೆ ಗೊತ್ತಾಗುವುದು ಮಾತ್ರ ಬಹಳ. ಪುಂಡಿ ನಾರಿನ ಹಗ್ಗ ಕೊಯ್ದು ನೋಡಿದೆ. ಪಾಟಾ ಜಾರತೊಡಗಿದ ಮೇಲೂ ಬೇರಿಂಗ್ ಚಾಕು ಕಚ್ಚಿ ಹಿಡಿಯುತ್ತಿತ್ತು. ಈ ಉಕ್ಕಿನ ಒಳಗಿನ ಕಣ ಬಹಳ ಸಣ್ಣ, ಒಂದೇ ಸಮ. ಆದ್ದರಿಂದ ಬಾಯಿ ತೆಳ್ಳಗೆ ತೆಗೆದರೂ ಉದುರುವುದಿಲ್ಲ. ನಾನು ಆಮೇಲೆ ಅದನ್ನು 16 ಡಿಗ್ರಿಗೆ ಇಳಿಸಿದೆ. ಚರ್ಮಕ್ಕೂ ಮಾಂಸಕ್ಕೂ ನಡುವಿನ ಬಿಳಿ ಪೊರೆಯಲ್ಲಿ ಅದು ಓಡುವುದನ್ನು ನೋಡಿದರೆ ಬೇರೆ ಚಾಕು ಮುಟ್ಟಲು ಮನಸ್ಸಾಗುವುದಿಲ್ಲ.

ಹಳೆಯ ಬೇರಿಂಗ್ ರಿಂಗ್ ಬಡಿದು ಚಾಕು ಮಾಡಬಹುದೇ? ಮಾಡಬಹುದು, ಆದರೆ ಜೂಜು. ಕೆಲವು ಬೇರಿಂಗ್‌ಗಳು, ಅದರಲ್ಲೂ ಚಕ್ರಕ್ಕೆ ಹಾಕುವ ಟೇಪರ್ ರೋಲರ್ ಜಾತಿಯವು, ಮೇಲ್ಪದರ ಮಾತ್ರ ಗಟ್ಟಿ ಇರುತ್ತವೆ, ಒಳಗೆ ಮೆತ್ತಗಿನ ಉಕ್ಕು. ಬಡಿದು ತಿಕ್ಕಿದ ಮೇಲೆ ಬಾಯಿ ಎಲ್ಲಿ ಬಂದು ನಿಲ್ಲುತ್ತದೋ ಹೇಳಲಾಗದು. ನಾನು ಹೊಸ ರಾಡ್ ತಂದು ಕೊಟ್ಟೆ. ಕಾಕಾಗೆ ಅದು ಹಿಡಿಸಲಿಲ್ಲ. "ಬಡದು ಬಡದು ರಟ್ಟಿ ಹೋತು ನೋಡ್ರಿ, ಏನ್ ಕಬ್ಬಿಣಾ ತಂದೀರಿ ಮಾರಾಯ್ರಾ" ಅಂದರು. ಕೆಂಪಗಿದ್ದಾಗಲೂ ಸುತ್ತಿಗೆಗೆ ಸುಲಭವಾಗಿ ಬಗ್ಗುವ ಉಕ್ಕಲ್ಲ ಅದು. ಕೂಲಿ ಜಾಸ್ತಿ ಕೇಳಿದರು, ಕೊಟ್ಟೆ. ನ್ಯಾಯವೇ.

ಬೇರಿಂಗ್ ಮತ್ತು ಪಾಟಾ ಎರಡಕ್ಕೂ ತುಕ್ಕಿನ ಕಾಟ ಇದೆ. ನಮ್ಮ ಬೇಸಿಗೆಯ ಒಣ ಹವೆಯಲ್ಲಿ ಚಿಂತೆ ಇಲ್ಲ. ಮಳೆಗಾಲದಲ್ಲಿ, ಅದಕ್ಕಿಂತ ಹೆಚ್ಚಾಗಿ ರಕ್ತ ಒರೆಸದೆ ಬಿಟ್ಟಾಗ, ಸಂಜೆಯೊಳಗೆ ಕಂದು ಚುಕ್ಕೆ ಕಾಣುತ್ತವೆ. ರಕ್ತದಲ್ಲಿ ಉಪ್ಪಿದೆ. ಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಕುಸುಬಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಂಟಾಗಿ ಕಟ್ಟಿಕೊಳ್ಳುತ್ತದೆ. ಚರ್ಮದ ಒರೆಯಲ್ಲಿ ತುಂಬ ದಿನ ಇಡಬಾರದು, ಚರ್ಮ ತೇವ ಹಿಡಿಯುತ್ತದೆ. ಅಲಗು ಕಪ್ಪಾದರೆ ಹೆದರಬೇಡಿ. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿದ ಮೇಲೆ ನನ್ನದು ಪೂರ್ತಿ ಕಪ್ಪಾಗಿದೆ. ಆ ಕಪ್ಪು ತುಕ್ಕಲ್ಲ, ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುವ ಪದರ.

ಸ್ಟೇನ್‌ಲೆಸ್‌ನಲ್ಲಿ ನಾನು ತೆಗೆದುಕೊಂಡದ್ದು 440ಸಿ. ಕ್ರೋಮಿಯಂ 16ರಿಂದ 18, ಇಂಗಾಲ 1ರ ಆಸುಪಾಸು. ಸಂತೆಯ ಹೊಳೆಯುವ ಅಗ್ಗದ ಚಾಕುಗಳಲ್ಲಿ ಇಷ್ಟು ಇಂಗಾಲ ಇರುವುದಿಲ್ಲ, ಆದ್ದರಿಂದಲೇ ಸ್ಟೀಲ್ ಚಾಕುವಿಗೆ ಕೆಟ್ಟ ಹೆಸರು. ಇದಕ್ಕೆ ಹದ ಹಾಕಲು ಸಾವಿರ ಡಿಗ್ರಿಗೂ ಮೇಲೆ ಶಾಖ ಬೇಕು, ಅಷ್ಟರಲ್ಲೇ ಹಿಡಿದು ನಿಲ್ಲಿಸಲೂ ಬೇಕು. ಇದ್ದಿಲ ಕುಲುಮೆಯಲ್ಲಿ ಅದು ಆಗದ ಮಾತು. ಇದೂ ಡಿ2 ಚಾಕುವೂ ಹೈದರಾಬಾದಿನ ವ್ಯಾಕ್ಯೂಮ್ ಫರ್ನೇಸಿಗೆ, ಅಂದರೆ ಗಾಳಿ ತೆಗೆದ ಕುಲುಮೆಗೆ, ಹೋದದ್ದು ಅದಕ್ಕೇ. ಬಂದ ಚಾಕು ಸಾಧು. ಹರಿತ ಬೇರಿಂಗ್‌ಗಿಂತ ತುಸು ಕಮ್ಮಿ, ಪಾಟಾಗಿಂತ ಜಾಸ್ತಿ. ಬಕೆಟ್ಟಿನಲ್ಲಿ ಮರೆತು ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ ಹಾಗೇ ಹೊಳೆಯುತ್ತಿತ್ತು.

ಡಿ2 ಬಗ್ಗೆ ಕೇಳಿದ ಹೊಗಳಿಕೆಗೆ ಲೆಕ್ಕವಿಲ್ಲ. ಮೂಲದಲ್ಲಿ ಇದು ಡೈ, ಪಂಚ್ ಮಾಡುವ ಉಕ್ಕು. ಇಂಗಾಲ ಒಂದೂವರೆ, ಕ್ರೋಮಿಯಂ 12. ಹರಿತ ನಿಲ್ಲುವ ವಿಷಯದಲ್ಲಿ ನಾಲ್ಕರಲ್ಲೂ ಇದೇ ಮೊದಲು, ಅನುಮಾನವೇ ಇಲ್ಲ. ಹಗ್ಗ ಕೊಯ್ದು ನನ್ನ ಕೈ ಸೋತಿತು, ಅದು ಸೋಲಲಿಲ್ಲ. ಆದರೆ ಪಕ್ಕೆಲುಬಿನ ಬುಡಕ್ಕೆ ಒತ್ತಿ ತಿರುಚಿದಾಗ ಬಾಯಲ್ಲಿ ಸಣ್ಣ ಹಲ್ಲು ಬಿದ್ದವು. ದೊಡ್ಡ ದೊಡ್ಡ ಕಾರ್ಬೈಡ್ ಕಣಗಳ (ಇಂಗಾಲ, ಕ್ರೋಮಿಯಂ ಕೂಡಿ ಆದ ಗಟ್ಟಿ ಕಣಗಳ) ಉಕ್ಕು ಅದು, ಬಾಯಿ ತೆಳ್ಳಗಾದರೆ ಉದುರುತ್ತದೆ. ಇನ್ನು 12 ಕ್ರೋಮಿಯಂ ಇದೆ, ತುಕ್ಕು ಹಿಡಿಯಲ್ಲ ಅಂತ ಅಂಗಡಿಯವರು ಹೇಳುವುದು ಅರ್ಧ ಸತ್ಯ. ಅದರಲ್ಲಿ ಬಹುಪಾಲು ಆ ಕಾರ್ಬೈಡ್‌ಗಳಲ್ಲೇ ಸಿಕ್ಕಿಕೊಂಡಿರುತ್ತದೆ. ನಿಧಾನವಾಗಿ ಹಿಡಿಯುತ್ತದೆ, ಆದರೆ ಹಿಡಿದರೆ ಸೂಜಿ ಚುಚ್ಚಿದಂಥ ಗುಳಿ ಬೀಳುತ್ತದೆ.

ಮಸೆಯುವಾಗ ಡಿ2 ನಿಜ ಬಣ್ಣ ಗೊತ್ತಾಗುತ್ತದೆ. ನಮ್ಮ ಕಡೆ ಚಾಕು ಮೊಂಡಾದರೆ ಮೊದಲು ಕೈ ಹೋಗುವುದು ಹೊಸ್ತಿಲ ಶಹಾಬಾದ್ ಕಲ್ಲಿಗೆ. ಅದು ಸುಣ್ಣದ ಕಲ್ಲು, ಉಕ್ಕಿಗಿಂತ ಮೆತ್ತಗೆ. ಬಾಯಿ ಬಗ್ಗಿದ್ದರೆ ನೇರ ಮಾಡಬಹುದೇ ಹೊರತು ತಿಕ್ಕಿ ತೆಗೆಯಲಾರದು. ಪಾಟಾ ಚಾಕುವಿಗೆ ಅಷ್ಟರಲ್ಲೇ ಸ್ವಲ್ಪ ಜೀವ ಬರುತ್ತದೆ, ಡಿ2ಗೆ ಏನೂ ಆಗುವುದಿಲ್ಲ. ಕಾರ್ಬೊರಂಡಮ್ ಕಲ್ಲು ಬೇಕು, ತಾಳ್ಮೆ ಬೇಕು. ಸಾಣೆ ಹಿಡಿಯುವವನ ಕೈಗೆ ಕೊಟ್ಟರೆ ಚಕ್ರದ ಶಾಖಕ್ಕೆ ಬಾಯಿ ನೀಲಿಗಟ್ಟಿ ಹದವೇ ಹೋದೀತು. ನನ್ನ ಡಿ2 ಈಗ ಹೊಲದಲ್ಲಿ ಡ್ರಿಪ್ ಪೈಪು, ಗೊಬ್ಬರದ ಚೀಲ ಕೊಯ್ಯುತ್ತದೆ. ಆ ಕೆಲಸಕ್ಕೆ ಅದರಂಥದ್ದು ಇನ್ನೊಂದಿಲ್ಲ.

ಅಳತೆಯ ಬಗ್ಗೆಯೂ ಒಂದು ಮಾತು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು, ಮನೆ ಅಥವಾ ಹೊಲದ ಕೆಲಸದ್ದಲ್ಲದಿದ್ದರೆ, ಶಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುತ್ತದೆ. ಸುಮ್ನೆ ಯಾಕೆ? ಕುರಿ ಸುಲಿಯಲು 4 ಇಂಚು ಧಾರಾಳ.

ಯಾದಗಿರಿಯ ನನ್ನ ಸೋದರಳಿಯ ಬಂದಾಗ ನಾಲ್ಕನ್ನೂ ಮುಂದಿಟ್ಟೆ. ಅವನು ಹಿಡಿದು ನೋಡಿ ಬೇರಿಂಗ್ ಚಾಕುವನ್ನೇ ಎತ್ತಿಕೊಂಡ. "ಮಾವಾ, ಇದು ಕೊಡ್ರಿ" ಅಂದ. ಅವನ ಮನೆಯ ಕುಡಗೋಲುಗಳ ಸ್ಥಿತಿ ನಾನು ನೋಡಿದ್ದೇನೆ, ಎಲ್ಲಕ್ಕೂ ತುಕ್ಕು. ಸ್ಟೇನ್‌ಲೆಸ್ ಕೊಟ್ಟು ಕಳಿಸಿದೆ.