'ಸದ್ದು ಕೇಳಿಸಲಿಲ್ಲ' ಎಂದು ಬರೆದುಕೊಟ್ಟ ವರ್ಕ್‌ಶಾಪ್

ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಎರಡು ಪೂರ್ತಿ ಒಳಗೆ ಕೆಲಸ ಮಾಡುವ ಮೇಸ್ತ್ರಿಗೆ. ಉಳಿದ ಅರ್ಧ, ಹೇಗೋ ಕೊನೆಗೆ ರಿಪೇರಿ ಮುಗಿಸಿದರಲ್ಲ ಅನ್ನುವುದಕ್ಕೆ. ಮುಂಭಾಗದ ಕೌಂಟರ್‌ಗೆ ಸೊನ್ನೆ. ಡೀಲರ್ ಹೆಸರು ಬೇಡ. ಗಾಡಿ ಇಟ್ಟವರಿಗೆಲ್ಲ ಇಂಥದ್ದೊಂದು ಕೌಂಟರ್ ಎಲ್ಲೋ ಸಿಕ್ಕಿರುತ್ತದೆ.

ನನ್ನದು ಆರು ಸಿಲಿಂಡರಿನ ಡೀಸೆಲ್ ಲಾರಿ. ಇರುವುದೊಂದೇ ಗಾಡಿ, ಓಡಿಸುವವನೂ ನಾನೇ. ತಂದ ದಿನದಿಂದ ಬೇರೆ ಯಾರೂ ಸ್ಟೀರಿಂಗ್ ಹಿಡಿದಿಲ್ಲ. ಹಾಗಾಗಿ ಅದರ ಸದ್ದು ನನಗೆ ಮನೆಯವರ ದನಿ ಇದ್ದ ಹಾಗೆ. 84,000 ಕಿಲೋಮೀಟರ್ ಹೊತ್ತಿಗೆ ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ಟಕ್ ಟಕ್ ಅಂತ ಹೊಸ ಸದ್ದೊಂದು ಶುರುವಾಯಿತು. ಡೀಸೆಲ್ ಎಂಜಿನ್ ತಣ್ಣಗಿದ್ದಾಗ ಕಟಕಟ ಅನ್ನುವುದು ಇದ್ದದ್ದೇ. ಇದು ಅದಲ್ಲ. ಯಾರೋ ಬೆರಳಿನಿಂದ ತಗಡು ತಟ್ಟಿದ ಹಾಗೆ, ಅದೂ ಲೆಕ್ಕ ಹಾಕಿ ತಟ್ಟಿದ ಹಾಗೆ. ಎಂಟು ಹತ್ತು ನಿಮಿಷ ಓಡಿದರೆ ಕಡಿಮೆಯಾಗುತ್ತಿತ್ತು. ವಾರಂಟಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ಚಿಂತೆ ಯಾಕೆ ಅಂದುಕೊಂಡೆ.

ವರ್ಕ್‌ಶಾಪ್‌ಗೆ 40 ನಿಮಿಷದ ದಾರಿ. ಹೋಗಿ ನಿಲ್ಲಿಸುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು, ಸದ್ದು ಮಾಯ. ಸರ್ವಿಸ್ ಅಡ್ವೈಸರ್ ಅರ್ಧ ನಿಮಿಷ ಕಿವಿಗೊಟ್ಟ. "ಸಾರ್, ಡೀಸೆಲ್ ಗಾಡಿ ಅಂದ್ರೆ ಇಷ್ಟು ಇರುತ್ತೆ, ನಾರ್ಮಲ್" ಅಂದ. ಜಾಬ್ ಕಾರ್ಡ್ ಮುಂದಿಟ್ಟ, ನಾನು ಓದದೆ ಸಹಿ ಹಾಕಿದೆ. ಮನೆಗೆ ಬಂದು ನೋಡಿದರೆ ಅದರಲ್ಲಿ ಇದ್ದದ್ದು 'ಜನರಲ್ ಚೆಕಪ್'. ಸದ್ದಿನ ಮಾತೇ ಇಲ್ಲ. ಆವತ್ತು ಅದೇನು ದೊಡ್ಡ ವಿಷಯ ಅನ್ನಿಸಲಿಲ್ಲ. ಆಮೇಲೆ ಅನ್ನಿಸಿತು.

ಒಂದು ತಿಂಗಳು ಬಿಟ್ಟು ಮತ್ತೆ ಹೋದೆ. ಈ ಸಲ 'ಎಂಜಿನ್ ಸದ್ದು' ಎಂದು ಬರೆಸಿದೆ. ಸಂಜೆ ಗಾಡಿ ವಾಪಸ್ ಕೊಡುವಾಗ ಅದರ ಕೆಳಗೆ 'ಪರೀಕ್ಷಿಸಲಾಗಿದೆ, ಸದ್ದು ಕೇಳಿಸಲಿಲ್ಲ' ಎಂದು ಬರೆದಿದ್ದರು. ಹೇಗೆ ಕೇಳಿಸುತ್ತದೆ? ಬಿಸಿ ಎಂಜಿನ್ನನ್ನೇ ಮತ್ತೆ ಸ್ಟಾರ್ಟ್ ಮಾಡಿ ಕೇಳಿದ್ದರು. ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ.

ಮೂರನೇ ಸಲ ನಾನೇ ಹಟ ಹಿಡಿದೆ. ರಾತ್ರಿ ಗಾಡಿ ಇಲ್ಲೇ ಇರಲಿ, ಬೆಳಿಗ್ಗೆ ನಾನು ಬರುವ ತನಕ ಯಾರೂ ಕೀ ತಿರುಗಿಸಬಾರದು ಎಂದು ಕಾರ್ಡಿನಲ್ಲೇ ಬರೆಸಿದೆ. ಅಡ್ವೈಸರ್ ಮುಖ ಸಿಂಡರಿಸಿದ. ಆದರೆ ಒಳಗಿನ ಮೇಸ್ತ್ರಿ, ವಯಸ್ಸಾದವರು, ನನಗೋಸ್ಕರ ಒಂದು ಗಂಟೆ ಮುಂಚೆ ಬಂದರು. ಸೆಲ್ಫ್ ಹೊಡೆದೆ. ಟಕ್ ಟಕ್ ಟಕ್. ಅವರು ನಕ್ಕರು. "ಇಷ್ಟು ಚೆನ್ನಾಗಿ ಕೇಳ್ತಿದೆಯಲ್ಲಪ್ಪಾ!"

ಮುಂದಿನ ಅರ್ಧ ಗಂಟೆಯಲ್ಲಿ ಆ ಮನುಷ್ಯ ಮಾಡಿದ್ದನ್ನು ನೋಡುವುದೇ ಒಂದು ಪಾಠ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಒಂದೊಂದೇ ಸಿಲಿಂಡರ್ ದಾಟಿಕೊಂಡು ಹೋದರು. ಆಮೇಲೆ ನನ್ನ ಕೈಗೆ ಗಡಿಯಾರ ಕೊಟ್ಟು ಸದ್ದು ಎಣಿಸು ಅಂದರು. ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿತ್ತು, ಸದ್ದು ಸೆಕೆಂಡಿಗೆ ಐದು. ಅಂದರೆ ನಿಮಿಷಕ್ಕೆ 300, ಸರಿಯಾಗಿ ಅರ್ಧ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ತಿರುಗುವುದು ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಒಂದೊಂದು ಸಿಲಿಂಡರ್ ಉರಿಯುವುದೂ ಎರಡು ಸುತ್ತಿಗೆ ಒಮ್ಮೆ. ಹಾಗಾಗಿ ಅರ್ಧ ಲೆಕ್ಕದ ಸದ್ದು ವಾಲ್ವ್ ಕಡೆಯದ್ದಿರಬಹುದು, ಇಂಜೆಕ್ಟರ್ ಇರಬಹುದು, ಒಂದೇ ಸಿಲಿಂಡರಿನ ಹೊಗೆ ಎಲ್ಲೋ ಸೋರುತ್ತಿರಬಹುದು. ಕೆಳಗಿನ ಬೇರಿಂಗ್ ಬಡಿತ ಆಗಿದ್ದರೆ ಲೆಕ್ಕ ಜಾಸ್ತಿ ಬರುತ್ತಿತ್ತು, ದನಿಯೂ ದಪ್ಪ ಇರುತ್ತಿತ್ತು, ಲೋಡ್ ಎಳೆಯುವಾಗ ಏರುತ್ತಿತ್ತು. ಇಷ್ಟು ವರ್ಷ ಗಾಡಿ ಓಡಿಸಿದ ನನಗೆ ಈ ಎಣಿಕೆಯ ಗುಟ್ಟು ಯಾರೂ ಹೇಳಿಕೊಟ್ಟಿರಲಿಲ್ಲ.

ಟಾರ್ಚ್ ಹಿಡಿದು, ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಹೊರಕ್ಕೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕ ನೋಡಿದರು. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆ. ಅದನ್ನು ಬಿಗಿದಿಡುವ ಒಂದು ಸ್ಟಡ್ ಮುರಿದಿತ್ತು. ತಣ್ಣಗಿದ್ದಾಗ ಆ ಸಂದಿಯಿಂದ ಹೊಗೆ ನುಗ್ಗಿ ಟಕ್ ಅನ್ನುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದರೆ ಸಂದಿ ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಎರಡು ತಿಂಗಳು 'ನಾರ್ಮಲ್' ಆಗಿದ್ದದ್ದು ಇದು.

ಸ್ಟಡ್ಡು, ಗ್ಯಾಸ್ಕೆಟ್ಟು ವಾರಂಟಿಯಲ್ಲಿ ಒಂದೇ ದಿನದಲ್ಲಿ ಆಯಿತು, ಜಗಳ ಇಲ್ಲ. ಇಲ್ಲಿಗೆ ಮುಗಿದಿದ್ದರೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ಗಾಡಿ ಕೊಡುವಾಗ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಪ್ಪಾ, ಇದೊಂದು ಸದ್ದು ಹೋಯ್ತು. ಇದರ ಹಿಂದೆ ಇನ್ನೊಂದು ಸಣ್ಣದಿದೆ, ನಾಲ್ಕನೇ ಸಿಲಿಂಡರ್ ಹತ್ರ. ಟ್ಯಾಪೆಟ್ ಸೆಟ್ ಮಾಡಿದೀನಿ. ಅಲ್ಲಿ ಒಂದೇ ಒಂದು ಎಕ್ಸಾಸ್ಟ್ ವಾಲ್ವಿನ ಗ್ಯಾಪ್ ಜಾಸ್ತಿ ಇತ್ತು. ಕಾರ್ಡಲ್ಲಿ ಬರೆಸ್ಕೋ, ಬಿಡಬೇಡ." ಟ್ಯಾಪೆಟ್ ಅಂದರೆ ಕ್ಯಾಮಿನ ತಳ್ಳನ್ನು ವಾಲ್ವಿಗೆ ಮುಟ್ಟಿಸುವ ತುಂಡು, ಗ್ಯಾಪ್ ಅಂದರೆ ಆ ಸಾಲಿನಲ್ಲಿ ಬಿಡುವ ಸಣ್ಣ ಸಂದು. ಬರೆಸಿಕೊಂಡೆ. 'ನಾಲ್ಕನೇ ಸಿಲಿಂಡರ್ ಕಡೆ ಸದ್ದು ಸ್ವಲ್ಪ ಉಳಿದಿದೆ, ಟ್ಯಾಪೆಟ್ ಗ್ಯಾಪ್ ಸರಿಮಾಡಿದೆ, ಮುಂದೆ ನೋಡಬೇಕು.' ತಾರೀಕು, ಕಿಲೋಮೀಟರ್, ಅವರ ಸೀಲು, ಎಲ್ಲ ಇತ್ತು. ಆ ಒಂದು ಸಾಲು ಇಲ್ಲದಿದ್ದರೆ ಇವತ್ತು ನಾನು ಬೇರೆ ಥರದ ವಿಮರ್ಶೆ ಬರೆಯುತ್ತಿದ್ದೆ.

ಮೂರು ತಿಂಗಳಿಗೆ ಸದ್ದು ವಾಪಸ್. ಈಗ ಬಿಸಿಯಾದರೂ ಹೋಗುವುದಿಲ್ಲ. ವಾರಂಟಿ ಮುಗಿದು ಹನ್ನೊಂದು ದಿನವಾಗಿತ್ತು. ಮೇಸ್ತ್ರಿ ಗ್ಯಾಪ್ ಅಳೆದರು, ಅದೇ ವಾಲ್ವು, ಮತ್ತೆ ಅಗಲ. ಗ್ಯಾಪ್ ಹಿಡಿದಿಡುವ ಲಾಕ್ ನಟ್ ಬಿಗಿಯಾಗೇ ಇದೆ. ಅಂದರೆ ಕೆಳಗೆ ಏನೋ ಸವೆಯುತ್ತಿದೆ. ಆಯಿಲ್ ಫಿಲ್ಟರ್ ಬಿಚ್ಚಿ, ಕತ್ತರಿಸಿ, ಒಳಗಿನ ಕಾಗದವನ್ನು ಹರಡಿದರು. ಬಿಸಿಲಿಗೆ ಹಿಡಿದರೆ ಮಿಣಮಿಣ ಪುಡಿ. ಮ್ಯಾಗ್ನೆಟ್ ಹಿಡಿದಾಗ ಎದ್ದು ಅಂಟಿಕೊಂಡಿತು. ಉಕ್ಕು.

ಇಲ್ಲಿಂದ ಕೌಂಟರಿನ ಆಟ. ಮೊದಲ ಉತ್ತರ: ವಾರಂಟಿ ಮುಗಿದಿದೆ ಸಾರ್. ನಾನು ಹಳೆಯ ಕಾರ್ಡ್ ತೋರಿಸಿದೆ. ಇದೇ ಸಿಲಿಂಡರ್, ಇದೇ ವಾಲ್ವ್, ವಾರಂಟಿ ಇದ್ದಾಗಲೇ ನೀವೇ ಬರೆದದ್ದು, ಇದು ಹೊಸ ತಕರಾರಲ್ಲ, ಮುಗಿಯದ ಹಳೆಯದು. ಎರಡು ದಿನ ಸುಮ್ಮನಿದ್ದು ಎರಡನೇ ಉತ್ತರ ತಂದರು: ಆಯಿಲ್ ಸರಿಯಾದ ಹೊತ್ತಿಗೆ ಬದಲಾಯಿಸಿರಲಿಕ್ಕಿಲ್ಲ. ನನ್ನ ಹತ್ತಿರ ಒಂದೊಂದು ಬಿಲ್ಲೂ ಇತ್ತು. 15ಡಬ್ಲ್ಯು-40, ಪುಸ್ತಕದಲ್ಲಿ ಹೇಳಿದ ಗ್ರೇಡೇ, ಹೇಳಿದ ಕಿಲೋಮೀಟರಿಗೇ. ಮೂರನೇ ಉತ್ತರ: ಏರ್ ಫಿಲ್ಟರಿನಿಂದ ಧೂಳು ಒಳಗೆ ಹೋಗಿದೆ.

ಇದಕ್ಕೆ ಬಾಯಿಮಾತಿನ ಜವಾಬು ಸಾಲದು ಅನ್ನಿಸಿತು. ಆಯಿಲ್ ಸ್ಯಾಂಪಲ್ ತೆಗೆದು ನನ್ನ ದುಡ್ಡಲ್ಲೇ ಲ್ಯಾಬಿಗೆ ಕಳಿಸಿದೆ. ರಿಪೋರ್ಟಿನಲ್ಲಿ ಕಬ್ಬಿಣ ಜಾಸ್ತಿ. ಧೂಳು ಹೋಗಿದ್ದರೆ ಏರಬೇಕಾದ ಸಿಲಿಕಾನ್ ಮಾಮೂಲಿನಷ್ಟೇ. ಬೇರಿಂಗ್ ಹೋಗಿದ್ದರೆ ಕಾಣಬೇಕಾದ ಸೀಸ, ತಾಮ್ರವೂ ಮಾಮೂಲೇ. ಧೂಳಿನ ಮಾತು ಅಲ್ಲಿಗೆ ನಿಂತಿತು. ಇಳಿಜಾರಿನಲ್ಲಿ ತಪ್ಪು ಗೇರಿನಲ್ಲಿ ಎಂಜಿನ್ ಮಿತಿಮೀರಿ ತಿರುಗಿಸಿದ್ದೀರಾ ಎಂದು ಕಂಪ್ಯೂಟರ್ ಹಚ್ಚಿ ದಾಖಲೆಯನ್ನೂ ತೆಗೆದರು. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಸ್ವಲ್ಪ ಬೇಜಾರಾದ ಹಾಗೆ ಕಂಡಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ವಾರಂಟಿ ಕೆಲಸಕ್ಕೆ ಕಂಪನಿ ಡೀಲರ್‌ಗೆ ಕೊಡುವುದು ಇಂತಿಷ್ಟು ಗಂಟೆ ಎಂದು ಮೊದಲೇ ಗೊತ್ತುಮಾಡಿದ ಕೂಲಿ. ಸದ್ದು ಹುಡುಕಲು ಮೇಸ್ತ್ರಿ ಕಳೆದ ಹೊತ್ತೆಲ್ಲ ಅದರಲ್ಲಿ ಬರುವುದಿಲ್ಲ. ಹಳೆಯ ಪಾರ್ಟು ನೋಡಿ ಕಂಪನಿ ಒಪ್ಪದಿದ್ದರೆ ಖರ್ಚು ಡೀಲರ್ ತಲೆಗೇ. ಹಾಗಾಗಿ ಕೌಂಟರಿನವರು ಮೊದಲು ಇಲ್ಲ ಅನ್ನುವುದು ಯಾಕೆ ಅಂತ ಅರ್ಥವಾಗುತ್ತದೆ. ಆದರೆ ಆ ಲೆಕ್ಕ ಅವರಿಬ್ಬರ ನಡುವಿನದ್ದು. ನನ್ನ ಮೇಲೆ ಧೂಳು ಎರಚುವುದು ಯಾಕೆ?

ಆಮೇಲೆ ಎಂಜಿನ್ ಬಿಚ್ಚುವ ಕಾಗದ ಬಂತು. ದೋಷ ವಾರಂಟಿಗೆ ಸೇರದಿದ್ದರೆ ಬಿಚ್ಚುವ, ಕೂಡಿಸುವ ಕೂಲಿ ಪೂರ್ತಿ ಮಾಲೀಕರದ್ದು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಹೆಡ್ ಇಳಿಸಿದ ಮೇಲೆ 'ಇದು ನಿಮ್ಮ ತಪ್ಪು' ಅಂದರೆ ಗಾಡಿ ಅಲ್ಲೇ ಬಿಚ್ಚಿದ ಸ್ಥಿತಿಯಲ್ಲಿ ಇರುತ್ತದೆ, ಬೇರೆ ಕಡೆ ಎಳೆದುಕೊಂಡು ಹೋಗಲೂ ಆಗುವುದಿಲ್ಲ. ಬೆಳಿಗ್ಗೆ ಸಹಿ ಹಾಕಿದೆ, ಆದರೆ ಕೆಳಗೆ ನನ್ನ ಕೈಯಲ್ಲೇ ಎರಡು ಸಾಲು ಸೇರಿಸಿದೆ: ತೆಗೆದ ಪಾರ್ಟುಗಳನ್ನು ನನಗೆ ತೋರಿಸಿ ಫೋಟೋ ತೆಗೆಯಲು ಬಿಡಬೇಕು, ವಾರಂಟಿ ಇಲ್ಲ ಎನ್ನುವುದಾದರೆ ಕಾರಣ ಬರೆದು ಕೊಡಬೇಕು. ಅಡ್ವೈಸರ್ "ಹೀಗೆಲ್ಲ ಬರೆಯೋ ಹಾಗಿಲ್ಲ ಸಾರ್" ಅಂದ. ಹಾಗಾದರೆ ಹೀಗೆ ಬರೆಯುವ ಹಾಗಿಲ್ಲ ಅಂತಲೇ ಬರೆದುಕೊಡಿ ಅಂದೆ. ಸುಮ್ಮನಾದ.

ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ಟ್ಯಾಪೆಟ್ ಹೊರಗೆ ಬಂತು. ಕ್ಯಾಮ್ ಮೇಲೆ ಉರುಳಬೇಕಾದ ರೋಲರ್ ಮೈತುಂಬ ಗುಳಿ ಬಿದ್ದು, ಒಂದು ಕಡೆ ಚಪ್ಪಟೆಯಾಗಿತ್ತು. ಉರುಳುವ ಬದಲು ಉಜ್ಜುತ್ತಿತ್ತು. ಕ್ಯಾಮಿನ ಆ ಉಬ್ಬಿನ ಮೇಲೂ ಉಗುರಿಗೆ ತಾಗುವಷ್ಟು ಗೀರು. ಉಳಿದ ಹನ್ನೊಂದು ಟ್ಯಾಪೆಟ್ ಕನ್ನಡಿ ಹಾಗಿದ್ದವು. ಆಯಿಲ್ ಕೆಟ್ಟಿದ್ದರೆ, ಧೂಳು ಹೋಗಿದ್ದರೆ ಒಂದೇ ಒಂದನ್ನು ಹುಡುಕಿ ಕೆಡಿಸುತ್ತಿತ್ತಾ?

ಕಂಪನಿ ಒಪ್ಪಿತು, ಆದರೆ ಟ್ಯಾಪೆಟ್‌ಗೆ ಮಾತ್ರ. ಕ್ಯಾಮ್ ಶಾಫ್ಟ್ 'ಇನ್ನೂ ನಡೆಯುತ್ತದೆ' ಅಂದರು. ಆಗ ಮೇಸ್ತ್ರಿ ಪಾನಾ ಕೆಳಗಿಟ್ಟರು. ಗೀರು ಬಿದ್ದ ಕ್ಯಾಮ್ ಮೇಲೆ ಹೊಸ ರೋಲರ್ ಕೂರಿಸಿದರೆ ಅದನ್ನೂ ತಿಂದುಹಾಕುತ್ತದೆ, ನಾನು ಕೂರಿಸುವುದಿಲ್ಲ ಅಂದುಬಿಟ್ಟರು. ಸಂಬಳ ಕೊಡುವವರ ಎದುರು, ಗ್ರಾಹಕನ ಮುಂದೆ ಹಾಗೆ ಹೇಳುವುದು ಸಣ್ಣ ಮಾತಲ್ಲ. ಆ ಎರಡು ಸ್ಟಾರ್ ಅದಕ್ಕೇ. ಒಂಬತ್ತು ದಿನ ಪತ್ರ, ಫೋಟೋ, ಫೋನು ಓಡಾಡಿ ಕ್ಯಾಮ್ ಶಾಫ್ಟೂ ಮಂಜೂರಾಯಿತು.

ಒಟ್ಟು 23 ದಿನ ಗಾಡಿ ನಿಂತಿತ್ತು. ಆ ದಿನಗಳ ಬಾಡಿಗೆ ಯಾರೂ ಕೊಡುವುದಿಲ್ಲ. ವಾರಂಟಿ ಪುಸ್ತಕದ ಹಿಂದಿನ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಅದನ್ನು ಮೊದಲೇ ಹೇಳಿಟ್ಟಿದ್ದಾರೆ. ಗಾಡಿ ತಂದ ದಿನ ಆ ಪುಟ ಓದುವವರು ಎಷ್ಟು ಜನ, ಹೇಳಿ.

ಬಿಲ್ಲಿನಲ್ಲಿ ಆಯಿಲ್, ಫಿಲ್ಟರ್, ಕೂಲೆಂಟ್, ಗ್ಯಾಸ್ಕೆಟ್ ಎಲ್ಲ ನನ್ನ ಲೆಕ್ಕಕ್ಕೆ ಹಾಕಿದ್ದರು. ಕೇಳಿದರೆ, ಅವು ಬಳಸಿ ಮುಗಿಯುವ ವಸ್ತು ಸಾರ್. ಹಾಕಿ 3,000 ಕಿಲೋಮೀಟರ್ ಆಗಿದ್ದ ಆಯಿಲ್ ಅದು. ಅದನ್ನು ನಾನು ಬಳಸಿ ಮುಗಿಸಲಿಲ್ಲ, ಅವರ ಪಾರ್ಟು ಪುಡಿಯಾಗಿ ಅದರೊಳಗೆ ಬಿದ್ದಿದ್ದಕ್ಕೆ ಚೆಲ್ಲಿದ್ದು. ಇಷ್ಟು ವಾದ ಮಾಡಿದ್ದಕ್ಕೆ ಗ್ಯಾಸ್ಕೆಟ್ ಮತ್ತು ಫಿಲ್ಟರ್ ಬಿಟ್ಟರು. ಆಯಿಲ್, ಕೂಲೆಂಟ್ ಬಿಡಲಿಲ್ಲ. ಗಾಡಿ ಬೇಕಿತ್ತು, 'ತಕರಾರು ಇಟ್ಟುಕೊಂಡು ಕಟ್ಟಿದ್ದೇನೆ' ಎಂದು ಬಿಲ್ಲಿನ ಮೇಲೆಯೇ ಬರೆದು ಕಟ್ಟಿದೆ.

ರಿಪೇರಿಯಾದ ಮೇಲೆ ಈಗ 20,000 ಕಿಲೋಮೀಟರ್ ದಾಟಿದೆ. ಗ್ಯಾಪ್ ಅಲುಗಿಲ್ಲ. ಮೊನ್ನೆ ಫಿಲ್ಟರ್ ಕತ್ತರಿಸಿ ನೋಡಿದೆವು, ಕಾಗದ ಕಪ್ಪಗಿದೆ, ಮಿಣಮಿಣ ಇಲ್ಲ. ಮ್ಯಾನಿಫೋಲ್ಡ್ ಪಕ್ಕ ಮಸಿ ಇಲ್ಲ. ರಿಪೇರಿ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಆ ಮೇಸ್ತ್ರಿ ಅಲ್ಲಿರುವ ತನಕ ನಾನೂ ಅಲ್ಲಿಗೇ ಹೋಗುತ್ತೇನೆ, ಆದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಬಿಟ್ಟು, ಕಾರ್ಡನ್ನು ಕೊನೆಯ ಸಾಲಿನ ತನಕ ಓದಿ. ಆಯಿಲ್ ದುಡ್ಡಿನ ಬಗ್ಗೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಮುಂದಿನ ಸರ್ವಿಸ್ ಮುಂದಿನ ತಿಂಗಳು. ಪತ್ರದ ಕಾಪಿಯನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿದ್ದೇನೆ.