ಕೊಳೆ ಔಷಧಿ ನೋಡಲು ಯಾರ ತೋಟಕ್ಕೆ ಹೋಗಬೇಕು? ಮೂರು ಕಡೆ ತಿರುಗಿ ಬಂದ ಮೇಲೆ

ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. ಅದರ ಔಷಧಿ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ಕಣ್ಣಾರೆ ನೋಡಲು ಮೂರು ತೋಟ ಸುತ್ತಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಭಾವನ ತೋಟಕ್ಕೆ. ಉಳಿದ ಎರಡು ಕಡೆಯದನ್ನು ಬರೆಯುತ್ತಿರುವುದು ಯಾಕೆಂದರೆ, ಅದರಲ್ಲೊಂದನ್ನು ನಂಬಿ ಒಂದು ವರ್ಷದ ಬೆಳೆಯಲ್ಲಿ ಕಾಲುಭಾಗ ನೆಲದ ಪಾಲು ಮಾಡಿಕೊಂಡೆ.

ನಮ್ಮದು ಹೊಸನಗರದ ಕಡೆ ಒಂದೂವರೆ ಎಕರೆ ಅಡಿಕೆ. ಎಂಟುನೂರು ಚಿಲ್ಲರೆ ಮರ. ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ನೀರಿನಲ್ಲಿ ಕಲಸಿ ಬೋರ್ಡೋ ದ್ರಾವಣ ಹೊಡೆಯುವುದು ಅಜ್ಜನ ಕಾಲದಿಂದ ಬಂದದ್ದು. ಮಳೆ ಹಿಡಿಯುವ ಮೊದಲು ಒಂದು ಸುತ್ತು, 40-45 ದಿನಕ್ಕೆ ಇನ್ನೊಂದು ಸುತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ಕೊಳೆರೋಗದ ಬಗ್ಗೆ ಬರೆದದ್ದು 1910ರಲ್ಲಿ. ಅಷ್ಟು ಹಳೆಯ ಕಥೆ ಇದು. ಆದರೂ ಮೂರು ವರ್ಷದ ಹಿಂದೆ ನನಗೆ ಬೇಸರ ಬಂತು. ಒಳ್ಳೆ ಸುಣ್ಣ ಸಿಗಲ್ಲ, ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ಮಳೆ ಬಿಡುವು ಕೊಟ್ಟ ದಿನ ಆಳು ಬರಲ್ಲ. ಕಂಪನಿಯವರ ಸಿದ್ಧ ಬಾಟಲಿ ಔಷಧಿ ಹೇಗೋ ನೋಡೋಣ ಅಂತ ಹೊರಟೆ.

ಮೊದಲು ಹೋಗಿದ್ದು ಒಂದು ಕಂಪನಿಯವರ ಕ್ಷೇತ್ರೋತ್ಸವಕ್ಕೆ. ಹೆಸರು ಬೇಡ. ಆಗಸ್ಟ್ ತಿಂಗಳು, ಅಪರೂಪಕ್ಕೆ ಬಿಸಿಲು ಬಿದ್ದ ದಿನ. ರಸ್ತೆ ಪಕ್ಕದ ತೋಟ, ಶಾಮಿಯಾನ, ತಲೆಗೊಂದು ಟೋಪಿ, ಕೇಸರಿಬಾತು. ಅಡಿಕೆ ಕೊನೆಗಳು (ಗೊಂಚಲುಗಳು) ಹಸಿರಾಗಿ ಮಿಂಚುತ್ತಿದ್ದವು. ಬುಡದಲ್ಲಿ ಒಂದು ಉದುರು ಕಾಯಿ ಇಲ್ಲ. ಮುಂದಿನ ವರ್ಷ ಬೋರ್ಡೋ ಬಿಟ್ಟು, ಎರಡೂ ಸುತ್ತಿಗೆ ಅದೇ ಬಾಟಲಿ ತಂದು ಹೊಡೆಸಿದೆ. ಜುಲೈ ಕೊನೆಗೆ ತೋಟಕ್ಕೆ ಇಳಿದರೆ ಕಾಲಿಟ್ಟಲ್ಲೆಲ್ಲ ಕಾಯಿ.

ಅದೇ ನವೆಂಬರಿನಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಆ ತೋಟದ ಯಜಮಾನರು ಪಕ್ಕಕ್ಕೆ ಸಿಕ್ಕರು. ಮಾತಿಗೆ ಮಾತು ಬಂದು ಕೇಳಿದೆ. "ಮೊದಲ ಸುತ್ತು ನಮ್ಮದೇ ಬೋರ್ಡೋ ಮಾರಾಯ್ರೆ. ಅವರು ಬಂದು ಹೊಡೆದಿದ್ದು ಆಮೇಲೆ," ಅಂದರು. ಪಾಯಸ ಗಂಟಲಲ್ಲೇ ನಿಂತಿತು. ಅಂದರೆ ನಾನು ಆಗಸ್ಟಿನಲ್ಲಿ ಕಣ್ಣರಳಿಸಿ ನೋಡಿದ್ದು ಬಾಟಲಿಯ ಕೆಲಸವೋ, ಅಜ್ಜನ ಮೈಲುತುತ್ತಿನ ಕೆಲಸವೋ? ಯಾರೂ ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ಉದುರು ಕಾಯಿಯನ್ನೂ ಹಿಂದಿನ ದಿನ ಹೆಕ್ಕಿಸಿದ್ದರಂತೆ. ಜನ ಬರುತ್ತಾರೆ ಅಂದರೆ ಅಂಗಳ ಗುಡಿಸಲ್ವಾ, ಹಾಗೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಆ ತೋಟದಲ್ಲಿ ಏನೂ ಹೊಡೆಯದ ಮರ ಒಂದೂ ಇರಲಿಲ್ಲ. ಕೊಳೆ ಕಮ್ಮಿ ಇರುವ ವರ್ಷ ಬರೀ ನೀರು ಹೊಡೆದರೂ ಕೊನೆ ಚೆನ್ನಾಗಿಯೇ ಕಾಣುತ್ತದೆ. ಹೊಡೆಯದ ಮರ ಪಕ್ಕದಲ್ಲಿದ್ದರೆ ತಾನೆ ಆ ವರ್ಷ ರೋಗ ಬಂದಿತ್ತೋ ಇಲ್ಲವೋ ಗೊತ್ತಾಗುವುದು? ನನ್ನ ತೋಟದಲ್ಲೂ ಅದೇ ಕಥೆ. ಎಲ್ಲ ಮರಕ್ಕೂ ಹೊಡೆಸಿದ್ದೆ. ಹಾಗಾಗಿ ಔಷಧಿ ಸೋತಿತೋ, ನಾನು ಹೊಡೆಸಿದ್ದು ತಡವಾಯಿತೋ, ಇವತ್ತಿಗೂ ಎದೆ ಮುಟ್ಟಿ ಹೇಳಲಾರೆ.

ಹೋದ ವರ್ಷ ಒಂದು ಕೃಷಿ ವಿಜ್ಞಾನ ಕೇಂದ್ರದವರ ಪ್ರಾತ್ಯಕ್ಷಿಕೆಗೆ ಹೋದೆ. ಇದು ಬಹಳ ವಾಸಿ. ಮರಗಳಿಗೆ ಬಣ್ಣ ಬಳಿದು ಗುಂಪು ಮಾಡಿದ್ದರು. ಒಂದು ಗುಂಪಿಗೆ ಏನೂ ಹೊಡೆದಿರಲಿಲ್ಲ. ಯಾವ ದಿನ ಏನು ಹೊಡೆದದ್ದು ಅಂತ ಬೋರ್ಡಿನಲ್ಲಿ ಬರೆದಿತ್ತು. ಉದುರಿದ ಕಾಯಿ ಎತ್ತಿ, ತೊಟ್ಟಿನ ಬಳಿ ನೀರು ಕುಡಿದಂತಿದ್ದ ಕಡುಹಸಿರು ಕಲೆ, ಮೇಲಿನ ಬಿಳಿ ಬೂಸ್ಟು ಎರಡನ್ನೂ ತೋರಿಸಿದರು. ಕಲಸಿದ ಬೋರ್ಡೋದಲ್ಲಿ ಹೊಳೆಯುವ ಕಬ್ಬಿಣದ ಚಾಕು ಅದ್ದಿ, ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ನಾವು ಇಷ್ಟು ವರ್ಷ ಕಣ್ಣಂದಾಜಿನಲ್ಲೇ ಕಲಸುತ್ತಿದ್ದೆವು. ಇದೊಂದಕ್ಕೇ ಹೋಗಿದ್ದು ಸಾರ್ಥಕ. ಕೊರತೆ ಅಂದರೆ, ಕರೆದದ್ದು ಎರಡೇ ದಿನ. ನಿಜವಾದ ಮಳೆ ಹೊಡೆದದ್ದು ಆ ಎರಡರ ಮಧ್ಯೆ.

ವಾಟ್ಸಾಪಿನಲ್ಲಿ ಬರುವ ಫೋಟೋಗಳ ಬಗ್ಗೆ ಬರೆಯುವುದಿಲ್ಲ.

ಇನ್ನು ಭಾವನ ತೋಟ. ನಮ್ಮ ಮನೆಯಿಂದ 11 ಕಿಲೋಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೊಮ್ಮೆ ಹೋದೆ, ಮಳೆ ಇರಲಿ ಬಿಡಲಿ. ಉಂಬಳಕ್ಕೆ (ಜಿಗಣೆಗೆ) ರಕ್ತದಾನ ಬೇರೆ. ಅಲ್ಲಿ ನನಗೆ ಸಿಕ್ಕ ಭಾಗ್ಯ ಅಂದರೆ ಕರೆಂಟ್ ಲೈನು. ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ, ಲೈನಿನ ಹತ್ತಿರ ಒಯ್ಯುವ ಹಾಗೇ ಇಲ್ಲ. ಹಾಗಾಗಿ ಏಳು ಮರಕ್ಕೆ ಔಷಧಿ ಬಿದ್ದಿರಲಿಲ್ಲ. ಆ ಏಳಕ್ಕೂ, ಪಕ್ಕದ ಸಾಲಿನ ಹೊಡೆದ ಏಳಕ್ಕೂ ಬಟ್ಟೆ ಚೂರು ಕಟ್ಟಿದೆ. ಹೋದಾಗಲೆಲ್ಲ ಬುಡದ ಕಾಯಿ ಎಣಿಸಿ, ಹೆಕ್ಕಿ ತೋಟದಿಂದ ಹೊರಗೆ ಹಾಕಿ ಬರುತ್ತಿದ್ದೆ. ಆಗಸ್ಟ್ ಮೊದಲ ವಾರ, ಮಳೆ ಬಿಸಿಲು ಕಣ್ಣಾಮುಚ್ಚಾಲೆ ಆಡಿದ ಮೇಲೆ, ಹೊಡೆಯದ ಮರಗಳಡಿ 143 ಕಾಯಿ, ಹೊಡೆದವುಗಳಡಿ 19. ಬಸಿಗಾಲುವೆ ಕಟ್ಟಿಕೊಂಡಿದ್ದ ಮೂಲೆಯಲ್ಲಿ ಹೊಡೆದ ಮರದಿಂದಲೂ ಚೆನ್ನಾಗಿಯೇ ಉದುರಿತ್ತು. ಅಂಥ ಮೂಲೆಗೆ ಯಾವ ಕ್ಷೇತ್ರೋತ್ಸವದವರೂ ಕರೆದುಕೊಂಡು ಹೋಗಲ್ಲ.

ತೊಂದರೆ ಇಲ್ಲ ಅಂತಲ್ಲ. ಭಾವ ಹೊಡೆಯುವುದು ಬೋರ್ಡೋ ಒಂದೇ, ಬಾಟಲಿಯ ಜೊತೆ ಹೋಲಿಸಲು ದಾರಿ ಇಲ್ಲ. "ಎರಡನೇ ಸುತ್ತು ಯಾವಾಗ ಹೊಡೆಸಿದ್ದು ಭಾವ?" ಅಂದರೆ "ಸತ್ಯನಾರಾಯಣ ಪೂಜೆ ಆಗಿ ಎರಡು ದಿನಕ್ಕೆ" ಅನ್ನುತ್ತಾನೆ. ಪಂಚಾಂಗ ಹಿಡಿದು ತಾರೀಕು ಬರೆದುಕೊಳ್ಳುವುದು ನನ್ನ ಕೆಲಸ.

ಹತ್ತಿರದಲ್ಲಿ ನೆಂಟರ ತೋಟ ಇಲ್ಲದವರು ಕೃಷಿ ವಿಜ್ಞಾನ ಕೇಂದ್ರದವರ ಹಿಂದೆ ಬೀಳಿ, ದುಡ್ಡಿನ ಖರ್ಚೂ ಇಲ್ಲ. ಕಂಪನಿಯವರು ಕರೆದರೆ ಹೋಗಿ, ಕೇಸರಿಬಾತು ಚೆನ್ನಾಗಿರುತ್ತದೆ. ಆದರೆ ಇದಕ್ಕೆ ಮೊದಲು ಏನು ಹೊಡೆದಿದ್ದಿರಿ, ಹೊಡೆಯದ ಮರ ಎಲ್ಲಿದೆ, ಜೋರು ಮಳೆಯಲ್ಲಿ ನಾನೊಬ್ಬನೇ ಬರಬಹುದಾ ಅಂತ ಕೇಳಿ. ನನಗೆ ತಿಂಗಳಿಗೆ ಎರಡು ಸಲದ ಪೆಟ್ರೋಲು ಭಾರ ಅಲ್ಲ, ಭಾನುವಾರ ಬೇರೆ ಕೆಲಸವೂ ಇರಲ್ಲ.

ಈ ವರ್ಷ ನಮ್ಮ ತೋಟಕ್ಕೆ ಬೋರ್ಡೋನೇ. ಒಂದು ಸಾಲಿಗೆ ಮಾತ್ರ ಬಾಟಲಿ. ತುದಿಯ ನಾಲ್ಕು ಮರಕ್ಕೆ ಏನೂ ಇಲ್ಲ. ಆ ನಾಲ್ಕರ ಉದುರು ದಿನಾ ಹೆಕ್ಕಬೇಕು, ಇಲ್ಲದಿದ್ದರೆ ಕೊಳೆ ಪಕ್ಕಕ್ಕೆ ಹಬ್ಬುತ್ತದೆ. ಅಮ್ಮನಿಗೆ ಹೇಳಿದ್ದೇನೆ. ನಾಲ್ಕು ಮರ ಸುಮ್ನೆ ಹಾಳು ಮಾಡ್ತಿದ್ದಾನೆ ಅಂತ ಅವಳು ಆಗಲೇ ಅತ್ತಿಗೆಗೆ ಫೋನ್ ಮಾಡಿಯಾಗಿದೆ.